ಮೃತರ ಆಸ್ತಿಯೂ ವಕೀಲರ ಶುಲ್ಕವೂ

ಬೆಂಗಳೂರಿನ ಸುತ್ತಣ ಭೂಮಿಯು ಪಡೆದಿರುವ ರೂಪಾಂತರವು ವಾಚಕರಿಗೆ ತಿಳಿದದ್ದೇ ಆಗಿದೆ. 1882ರಲ್ಲಿ ಆಂಗ್ಲೋ-ಇಂಡಿಯನ್ ಜನರ ಬೇಸಾಯದ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡು ಇಂದು ಗಣಕೋದ್ಯಮದ ಬೀಡಾಗಿದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯೂ, ಪೀಣ್ಯದ ಬಯಲಿನಲ್ಲಿ ಕಾರ್ಖಾನೆಗಳೂ ಎದ್ದು ನಿಂತಿವೆ. ಅಜ್ಜಂದಿರು ರಾಗಿಯ ಪಲ್ಲಗಳಿಂದ ಅಳೆಯುತ್ತಿದ್ದ ನೆಲವನ್ನು ಮೊಮ್ಮಕ್ಕಳು ಚದರಡಿಗಳಿಂದ ಅಳೆಯುತ್ತಿದ್ದಾರೆ. ಹೊಲದ ಬೆಲೆಯೊಡನೆ, ಆ ಹೊಲದ ಒಡೆಯನು ತೀರಿಕೊಂಡಾಗ ಅವನ ವಾರಸುದಾರರ ಬಾಗಿಲಿಗೆ ಬರುವ ತೊಡಕುಗಳೂ ಬೆಳೆದಿವೆ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲಿಯೂ, ಇಡೀ ದೇಶಕ್ಕೆ 2005ರಲ್ಲಿಯೂ ಬಂದಿತು. ಇದು ನ್ಯಾಯವಾದದ್ದು. ಆದರೆ ಪಾಲು ಕಾಗದದ ಮೇಲಿದ್ದರೆ ಸಾಲದು. ಖಾತೆ ಬದಲಾಗಬೇಕು, ವಿಭಾಗವಾಗಬೇಕು. ಹಕ್ಕಿನ ತಕರಾರು ಬಂದಲ್ಲಿ ಭೂಸ್ವಾಧೀನದ ಪರಿಹಾರದ ಹಣವು ನ್ಯಾಯಾಲಯದಲ್ಲಿ ಠೇವಣಿಯಾಗಿ ಕೂರುತ್ತದೆ. ಕಾರ್ಖಾನೆಯಲ್ಲಿಯೋ ಕಂಪನಿಯಲ್ಲಿಯೋ ದುಡಿಯುತ್ತಿದ್ದವನು ಅಕಾಲದಲ್ಲಿ ಮಡಿದರೆ, ಅವನ ಬ್ಯಾಂಕಿನ ಹಣಕ್ಕೂ ಷೇರುಗಳಿಗೂ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಪ್ರಮಾಣಪತ್ರವನ್ನು ಪಡೆಯಬೇಕಾಗಿ ಬರುವುದುಂಟು. ಇದಕ್ಕೆಲ್ಲ ವಕೀಲರ ನೆರವು ಬೇಕು. ದುಃಖದಲ್ಲಿರುವ ವಿಧವೆಗೂ, ಕಾನೂನರಿಯದ ರೈತನಿಗೂ ಶುಲ್ಕದ ಬಗ್ಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು? ಈ ಅಶಕ್ತತೆಯನ್ನು ಕಂಡು ಕೆಲವರು ತಮ್ಮ ಶ್ರಮಕ್ಕೆ ತಕ್ಕ ಶುಲ್ಕವನ್ನು ಬಿಟ್ಟು, ಬರುವ ಆಸ್ತಿಯಲ್ಲಿ ನೂರಕ್ಕಿಷ್ಟೆಂದು ಪಾಲು ಕೇಳುತ್ತಾರೆ. ಯಾರ ತಕರಾರೂ ಇಲ್ಲದ ಒಂದು ಅರ್ಜಿಗೂ ಇದೇ ಅಳತೆ! ವಕೀಲನು ತಾನೇ ಮತ್ತೊಬ್ಬ ವಾರಸುದಾರನಾದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೆ?

ಇದು ಕೇವಲ ಅನುಚಿತವಲ್ಲ, ನಿಷಿದ್ಧವೂ ಹೌದು. ವ್ಯಾಜ್ಯದ ಫಲವನ್ನವಲಂಬಿಸಿ ಶುಲ್ಕವನ್ನು ಗೊತ್ತುಮಾಡಕೂಡದು, ಬಂದದ್ದರಲ್ಲಿ ಪಾಲನ್ನು ಒಪ್ಪಕೂಡದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಿಧಿಸಿವೆ. ಇಂಥ ಕರಾರು ವೃತ್ತಿದ್ರೋಹವೆಂದು ಸುಪ್ರೀಂ ಕೋರ್ಟು 1954ರಷ್ಟು ಹಿಂದೆಯೇ ಹಿರಿಯ ವಕೀಲರೊಬ್ಬರ ಪ್ರಕರಣದಲ್ಲಿ ತೀರ್ಮಾನಿಸಿತು. ಮೋಟಾರು ಅಪಘಾತದಲ್ಲಿ ಪತಿಯನ್ನು ಕಳೆದುಕೊಂಡ ತೆಲಂಗಾಣದ ಮಹಿಳೆಯೊಬ್ಬರಿಂದ ವಕೀಲರು ಪರಿಹಾರದ ಮೊತ್ತಕ್ಕೆ ತಕ್ಕಂತೆ ಶುಲ್ಕ ಕೇಳಿ, 3 ಲಕ್ಷ ರೂಪಾಯಿಗಳ ಚೆಕ್ಕನ್ನು ಪಡೆದಿದ್ದರು. ಆ ಚೆಕ್ಕಿನ ಮೇಲೆ ಹೂಡಿದ ಮೊಕದ್ದಮೆಯನ್ನು ಅದೇ ನ್ಯಾಯಾಲಯವು 2017ರಲ್ಲಿ ರದ್ದುಪಡಿಸಿ, ವಕೀಲರ ಶುಲ್ಕವನ್ನು ನಿಯಂತ್ರಿಸುವ ಶಾಸನದ ಅಗತ್ಯವನ್ನೂ ಎತ್ತಿ ಹೇಳಿತು.

ದಂಡನೆಗೆ ದಾರಿಯೂ ಇದೆ. 1961ರ ವಕೀಲರ ಅಧಿನಿಯಮದ 35ನೆಯ ಪ್ರಕರಣದಂತೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅದರ ಶಿಸ್ತುಸಮಿತಿಯು ತಪ್ಪಿತಸ್ಥನಿಗೆ ಛೀಮಾರಿ ಹಾಕಬಹುದು, ಕೆಲಕಾಲ ವೃತ್ತಿಯಿಂದ ದೂರವಿಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ವರ್ಷದೊಳಗೆ ದೂರು ಇತ್ಯರ್ಥವಾಗದಿದ್ದರೆ ಅದು ಭಾರತೀಯ ಪರಿಷತ್ತಿಗೆ ಹೋಗತಕ್ಕದ್ದೆಂದೂ ಕಾನೂನಿದೆ. ಹಾಗಾದರೆ ಕೊರತೆಯೆಲ್ಲಿ? ಸಮಿತಿಯ ಮೂವರೂ ವಕೀಲರೇ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳನ್ನು ವಿಚಾರಿಸುವ ಶಿಸ್ತು ನ್ಯಾಯಮಂಡಲಿಯಲ್ಲಿ ವೃತ್ತಿಯ ಹೊರಗಿನವರೂ ಕುಳಿತುಕೊಳ್ಳುತ್ತಾರೆ. ಇಲ್ಲಿ ಕಕ್ಷಿಗಾರನ ಪರವಾಗಿ ಕೂರುವವರಿಲ್ಲ. ಇದಲ್ಲದೆ, ವಕೀಲನ ಅಂತಸ್ತಿಗೂ ಪ್ರಕರಣದ ಸ್ವರೂಪಕ್ಕೂ ಹೊಂದುವ ಶುಲ್ಕವೆಂಬ ನಿಯಮದ ಮಾತು ಎಷ್ಟಾದರೂ ಹಿಗ್ಗುವಂಥದು. ಮಾತು ಬಾಯಲ್ಲಿ, ಹಣ ಕೈಯಲ್ಲಿ, ರಸೀದಿ ಎಲ್ಲಿಯೂ ಇಲ್ಲ. ದೂರುದಾರನು ಏನನ್ನು ತೋರಿಸಿಯಾನು?

ವಕೀಲವೃತ್ತಿಯನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ವಿಭಾಗದ ದಾವೆಗಳು ವರ್ಷಾನುಗಟ್ಟಲೆ ಎಳೆಯುವುದಕ್ಕೆ ವಕೀಲರೊಬ್ಬರೇ ಕಾರಣರಲ್ಲ. ಅಲ್ಪ ಸಂಭಾವನೆಗೆ ಹಗಲಿರುಳು ದುಡಿಯುವ ತರುಣರೂ ಆ ವೃತ್ತಿಯಲ್ಲಿದ್ದಾರೆ. ಸ್ವಾತಂತ್ರ್ಯ ಸಂಗ್ರಾಮಕ್ಕೆ ನಾಯಕರನ್ನು ಕೊಟ್ಟ ವೃತ್ತಿಯದು. ಮಂಗಳೂರಿನ ವಕೀಲರಾಗಿದ್ದ ಕಾರ್ನಾಡ್ ಸದಾಶಿವರಾಯರು ತಮ್ಮ ಸಂಪತ್ತನ್ನೆಲ್ಲ ದೇಶಕ್ಕೂ ದೀನರಿಗೂ ವ್ಯಯಿಸಿ, 1937ರಲ್ಲಿ ಬಡವರಾಗಿ ತೀರಿಕೊಂಡರು. ಬೆಂಗಳೂರಿನ ಶ್ರೀಮಂತರು ವಾಸಿಸುವ ಸದಾಶಿವನಗರವು ಅವರ ಹೆಸರನ್ನೇ ಹೊತ್ತಿದೆ. ಅಂಥವರ ಪರಂಪರೆಗೆ ಕಳಂಕ ತರುವ ಕೆಲವರನ್ನು ದಂಡಿಸುವುದು ಪ್ರಾಮಾಣಿಕರಾದ ಬಹುಮಂದಿಗೆ ಮಾಡುವ ಉಪಕಾರವೇ ಸರಿ.

ಆದಕಾರಣ ಮೂರು ಸುಧಾರಣೆಗಳು ಆಗಲೇಬೇಕೆಂದು ನಮ್ಮ ಅಭಿಪ್ರಾಯ. ಮೃತರ ಆಸ್ತಿಯ ಕೆಲಸಗಳಲ್ಲಿ ಶುಲ್ಕವನ್ನು ಮೊದಲೇ ಕನ್ನಡದಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ. ಶಿಸ್ತುಸಮಿತಿಯಲ್ಲಿ ವಕೀಲರಲ್ಲದ ಒಬ್ಬ ಸದಸ್ಯನಾದರೂ ಇರಲಿ. ತೀರ್ಮಾನಗಳನ್ನು ಸಾರ್ವಜನಿಕರ ಅರಿವಿಗೆ ತರಲಿ.

ಅಲ್ಲಿಯವರೆಗೆ ಕಕ್ಷಿಗಾರರು ತಮಗಿರುವ ಹಕ್ಕುಗಳನ್ನು ಮರೆಯಬಾರದು. ಕಕ್ಷಿಗಾರನ ಹಣದ ಲೆಕ್ಕವನ್ನು ತಾರೀಖಿನೊಡನೆ ಇಟ್ಟು, ಕೇಳಿದಾಗ ಪ್ರತಿಯನ್ನು ಕೊಡುವುದು ವಕೀಲನ ಕರ್ತವ್ಯ. ಶುಲ್ಕ ಬಾಕಿಯೆಂದು ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳಲು ಅವನಿಗೆ ಹಕ್ಕಿಲ್ಲವೆಂದು 2000ದಲ್ಲಿಯೇ ತೀರ್ಪಾಗಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮವರ ಹಳೆಯ ಮಾತು. ತಂದೆಯ ಹೊಲವನ್ನು ಉಳಿಸಿಕೊಳ್ಳಲು ಹೋದವರ ಬಾಳಿನಲ್ಲಿ ಆ ಮಾತು ನಿಜವಾಗದಂತೆ ನೋಡಿಕೊಳ್ಳುವ ಹೊಣೆ ವಕೀಲರ ಪರಿಷತ್ತಿನದು.