ಮೈಸೂರಿನ ಹೆಸರು ಹೊತ್ತ ಊಟಿಯ ಬಿಳಿ ಹೂ

ಪಾರ್ನೇಸಿಯಾ ಮೈಸೋರೆನ್ಸಿಸ್ ಎಂಬ ಹೆಸರು ಕೇಳಿದರೆ ಇದು ಚಾಮುಂಡಿ ಬೆಟ್ಟದಲ್ಲೋ ಕುಕ್ಕರಹಳ್ಳಿ ಕೆರೆಯ ದಡದಲ್ಲೋ ಸಿಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಇದಕ್ಕೆ ಎತ್ತರದ ಬೆಟ್ಟದ ಚಳಿ ಬೇಕು, ಬೇರಿನ ಬಳಿ ಸದಾ ನೀರು ಬೇಕು. ನಾನು ಇದನ್ನು ನೋಡಿದ್ದು ದಸರಾ ರಜೆಯಲ್ಲಿ, ಊಟಿಯಲ್ಲಿರುವ ನಮ್ಮ ಖಾಲಾ ಮನೆಯ ಹಿಂದಿನ ಜೌಗಿನಲ್ಲಿ. ಹೆಸರು ಕೇಳಿದಾಗ ಖಾಲಾ "ಫೂಲ್ ಹೈ, ಔರ್ ಕ್ಯಾ" ಎಂದರು. ವಾಣಿಜ್ಯ ವಿಭಾಗದವಳಾದ ನನಗೆ ಹೆಸರಿಲ್ಲದ ಖಾತೆ ಇರುವುದು ಸಹಿಸಲಿಲ್ಲ.

ಗಿಡ ಒಂದು ಗೇಣಿಗಿಂತ ಕಡಿಮೆ. ಬುಡದಲ್ಲಿ ಹೃದಯಾಕಾರದ, ತೊಟ್ಟಿರುವ ಎಲೆಗಳು. ಅಲ್ಲಿಂದ ಒಂದು ಕಡ್ಡಿ ನೆಟ್ಟಗೆ ಏಳುತ್ತದೆ. ಅದರ ನಡುವೆ ತೊಟ್ಟಿಲ್ಲದ ಒಂದೇ ಒಂದು ಎಲೆ ಕಡ್ಡಿಯನ್ನು ಅಪ್ಪಿಕೊಂಡಿರುತ್ತದೆ, ತುದಿಯಲ್ಲಿ ಒಂದೇ ಬಿಳಿ ಹೂ. ಈ ಲಕ್ಷಣಗಳು ಕಂಡರೆ ಪಾರ್ನೇಸಿಯಾ ಕುಲ ಎಂದು ಬಹುಮಟ್ಟಿಗೆ ಹೇಳಬಹುದು. ಖಾತ್ರಿಗೆ ಹೂವಿನ ಒಳಗೆ ನೋಡಬೇಕು. ಐದು ದಳ, ಐದು ಕೇಸರ. ಕೇಸರಗಳ ನಡುನಡುವೆ ಪರಾಗವೇ ಇಲ್ಲದ ಇನ್ನೂ ಐದು ವಂಧ್ಯ ಕೇಸರಗಳು. ಯುರೋಪ್, ಉತ್ತರ ಏಷ್ಯಾ, ಉತ್ತರ ಅಮೆರಿಕದ ಜೌಗುಗಳಲ್ಲಿ ಬೆಳೆಯುವ ಇದರ ಬಂಧು ಪಾರ್ನೇಸಿಯಾ ಪಲುಸ್ಟ್ರಿಸ್‌ನಲ್ಲಿ ಈ ವಂಧ್ಯ ಕೇಸರಗಳು ಬಾಚಣಿಗೆಯಂತೆ ಸೀಳಿಕೊಂಡು, ಪ್ರತಿ ತುದಿಯಲ್ಲೂ ಜೇನಿನ ಹನಿಯಂತೆ ಹೊಳೆಯುವ ಗುಂಡು ಇರುತ್ತದೆ. ನೊಣ ಆಸೆಯಿಂದ ಬರುತ್ತದೆ. ಆ ಗುಂಡುಗಳಲ್ಲಿ ಜೇನಿಲ್ಲ. ಪಕ್ಕಾ ಜಾಹೀರಾತು! ಅದರ ನಿಜವಾದ ಕೇಸರಗಳೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ದಿನಕ್ಕೊಂದರಂತೆ ಸರದಿಯಲ್ಲಿ ಹೂವಿನ ಮಧ್ಯಕ್ಕೆ ಬಾಗಿ, ಪರಾಗ ಬಿಟ್ಟು, ಹಿಂದೆ ಸರಿಯುತ್ತವೆ.

ನೀಲಗಿರಿಯಲ್ಲಿ ಎರಡು ಪಾರ್ನೇಸಿಯಾಗಳಿವೆ. ದಳದ ಕೆಳಭಾಗದ ಅಂಚು ದುಪಟ್ಟಾದ ಕುಚ್ಚಿನಂತೆ ಸೀಳಿದ್ದು, ವಂಧ್ಯ ಕೇಸರಕ್ಕೆ ಐದು ಬೆರಳಿದ್ದರೆ ಅದು ವೈಟಿಯಾನಾ. ದಳದ ಅಂಚಿಗೆ ಅಂಥ ಕುಚ್ಚಿಲ್ಲದೆ, ವಂಧ್ಯ ಕೇಸರಕ್ಕೆ ಮೂರೇ ಬೆರಳಿದ್ದರೆ ಮೈಸೋರೆನ್ಸಿಸ್. ಜೀವಶಾಸ್ತ್ರ ವಿಭಾಗದಿಂದ ಭೂತಗನ್ನಡಿ ತೆಗೆದುಕೊಂಡು ಹೋಗಿದ್ದೆ. ಮೂರು ಬೆರಳು ಎಣಿಸಿದೆ.

ಹಾಗಾದರೆ ಹೆಸರಿಗೆ ಮೈಸೂರು ಎಲ್ಲಿಂದ ಬಂತು? 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯಲ್ಲಿ ಬೆಂಜಮಿನ್ ಹೇನ್ ಎಂಬ ಸಸ್ಯತಜ್ಞರಿದ್ದರು. ಮೈಸೋರೆನ್ಸಿಸ್ ಎಂಬ ಹೆಸರು ಅವರದು. ಆ ಕಾಲದವರಿಗೆ ಮೈಸೂರು ಎಂದರೆ ಬರೀ ಊರಲ್ಲ, ಇಡೀ ರಾಜ್ಯ. 1799ರವರೆಗೆ ನೀಲಗಿರಿಯೂ ಟಿಪ್ಪುವಿನ ಅಧೀನದಲ್ಲೇ ಇತ್ತು. ಆದರೆ ಹೇನ್ ಅದನ್ನು ಪ್ರಕಟಿಸಲಿಲ್ಲ, 1819ರಲ್ಲಿ ತೀರಿಕೊಂಡರು. 1834ರಲ್ಲಿ ರಾಬರ್ಟ್ ವೈಟ್ ಮತ್ತು ಆರ್ನಾಟ್ ತಮ್ಮ ಪುಸ್ತಕದಲ್ಲಿ ವಿವರಣೆಯೊಂದಿಗೆ ಅಚ್ಚು ಹಾಕಿಸಿದರು. ಅದಕ್ಕೇ ಪೂರ್ಣ ಹೆಸರಿನ ಕೊನೆಗೆ "ಹೇನ್ ಎಕ್ಸ್ ವೈಟ್ ಅಂಡ್ ಆರ್ನಾಟ್" ಎಂದು ಬರೆಯುತ್ತಾರೆ. ಚೆಕ್ ಬರೆದವರು ಒಬ್ಬರು, ಸಹಿ ಹಾಕಿದವರು ಬೇರೆಯವರು. ಬರೆದವರ ಹೆಸರನ್ನೂ ಬಿಡದೆ ಉಳಿಸಿಕೊಂಡಿದ್ದಾರಲ್ಲ, ಅದು ನನಗೆ ಇಷ್ಟವಾಯಿತು.

ವರ್ಗೀಕರಣದ ಕಥೆ ಇನ್ನೂ ಸ್ವಾರಸ್ಯ. ಲಿನ್ನೇಯಸ್ 1753ರಲ್ಲಿ ಐದು ಕೇಸರ, ನಾಲ್ಕು ಶಲಾಕಾಗ್ರ ಎಂದು ಬರೀ ಎಣಿಕೆಯ ಮೇಲೆ ಪಾರ್ನೇಸಿಯಾವನ್ನು ಒಂದು ಗುಂಪಿಗೆ ಸೇರಿಸಿದರು. ಆಮೇಲೆ ಕೆಲವರು ಅದನ್ನು ಕೀಟ ಹಿಡಿಯುವ ಡ್ರಾಸೆರಾ ಗಿಡಗಳ ಜೊತೆ ಇಟ್ಟರು. ಆ ಹೊಳೆಯುವ ಗುಂಡುಗಳನ್ನು ನೋಡಿದರೆ ಹಾಗೆ ಅನಿಸುವುದು ಸಹಜವೇ. ನಂತರ ಸ್ಯಾಕ್ಸಿಫ್ರಾಗೇಸಿ ಕುಟುಂಬ. ಆಮೇಲೆ ಅದಕ್ಕೇ ಒಂದು ಸ್ವಂತ ಕುಟುಂಬ. ಕೊನೆಗೆ ಡಿಎನ್‌ಎ ಹೋಲಿಸಿ ನೋಡಿದಾಗ ಸೆಲಾಸ್ಟ್ರೇಸಿಗೆ ಹತ್ತಿರ ಎಂದು ತಿಳಿಯಿತು; ಎಪಿಜಿ ಎಂಬ ವಿಜ್ಞಾನಿಗಳ ಗುಂಪು 2009ರಲ್ಲಿ ಅಲ್ಲಿಗೇ ಸೇರಿಸಿತು. ಗಿಡ ಬದಲಾಗಲಿಲ್ಲ, ಖಾತೆ ಮಾತ್ರ ಬದಲಾಯಿತು. ನಮ್ಮ ಲೆಕ್ಕಶಾಸ್ತ್ರದಲ್ಲೂ ಹೊಸ ದಾಖಲೆ ಸಿಕ್ಕಾಗ ಮಾಡುವುದು ಇದನ್ನೇ.

ಸೆಲಾಸ್ಟ್ರೇಸಿ ಯಾವುದೋ ದೂರದ ಹೆಸರಲ್ಲ. ದಾದಿ ಮಂಡಿನೋವಿಗೆ ಹಚ್ಚಿಕೊಳ್ಳುವ ಮಾಲ್‌ಕಂಗನಿ ಎಣ್ಣೆ ಇದೆಯಲ್ಲ, ಕನ್ನಡದಲ್ಲಿ ಜ್ಯೋತಿಷ್ಮತಿ, ಆ ಬಳ್ಳಿ ಇದೇ ಕುಟುಂಬದ್ದು. ಮರ ಹತ್ತುವ ಬಳ್ಳಿ ಮತ್ತು ಗೇಣುದ್ದದ ಜೌಗು ಗಿಡ ಒಂದೇ ಮನೆಯವು ಎಂದರೆ ದಾದಿ ಇನ್ನೂ ನಂಬುತ್ತಿಲ್ಲ.

ನೀಲಗಿರಿಯ ಹುಲ್ಲುಗಾವಲು, ಜೌಗುಗಳಲ್ಲಿ ಬಹಳಷ್ಟು ಜಾಗ ಚಹಾ, ನೀಲಗಿರಿ ಮರ, ವ್ಯಾಟಲ್ ತೋಪುಗಳ ಪಾಲಾಗಿದೆ. ಖಾಲಾ ಮನೆಯ ಹಿಂದೆ ಅರ್ಧ ಜೌಗನ್ನು ಮಣ್ಣು ಸುರಿದು ಮುಚ್ಚಿದ್ದಾರೆ. ಹೂ ಇದ್ದದ್ದು ಉಳಿದರ್ಧದಲ್ಲಿ. ಮುಂದಿನ ದಸರಾಗೆ ಊಟಿಗೆ ಹೋಗುವವರು ರಸ್ತೆ ಬದಿಯ ಒದ್ದೆ ಹುಲ್ಲಿನಲ್ಲಿ ಬಗ್ಗಿ ನೋಡಿ. ಕೀಳಬೇಡಿ. ಕಡ್ಡಿಯ ನಡುವಿನ ಎಲೆ, ದಳದ ಅಂಚು, ವಂಧ್ಯ ಕೇಸರದ ಬೆರಳು, ಈ ಮೂರರ ಫೋಟೋ ಸ್ಪಷ್ಟವಾಗಿದ್ದರೆ ಯಾವ ಪ್ರಭೇದ ಎಂದು ಕಾಲೇಜಿಗೆ ಬಂದು ಒಟ್ಟಿಗೆ ನೋಡೋಣ.