ತನ್ನ ನೆಲದಲ್ಲೇ ಪರಕೀಯ

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಪ್ರದೇಶ ಸಮುದ್ರದೊಳಕ್ಕೆ ಕೊಂಬಿನಂತೆ ಚಾಚಿಕೊಂಡಿರುವುದನ್ನು ಭೂಪಟದಲ್ಲಿ ನೋಡಿರುತ್ತೀರಿ. ಅಲ್ಲಿನ ಕೆಲ್ಟಿಕ್ ಭಾಷೆಯಾದ ಕಾರ್ನಿಷ್‌ನಲ್ಲಿ ಆ ನಾಡಿನ ಹೆಸರು ‘ಕೆರ್ನೋ’. ‘ಕೊಂಬು’ ಎಂಬರ್ಥದ ಪದವೇ ಇದರ ಮೂಲವೆಂದು ವಿದ್ವಾಂಸರು ಹೇಳುತ್ತಾರೆ.

ಹಾಗಾದರೆ ‘ವಾಲ್’ ಎಲ್ಲಿಂದ ಬಂತು? ಐದನೆಯ ಶತಮಾನದಿಂದ ಬ್ರಿಟನ್ನಿನಲ್ಲಿ ಬಂದು ನೆಲೆಸಿದ ಜರ್ಮಾನಿಕ್ ಜನರ ನುಡಿಯಲ್ಲಿ ‘ವೆಯಲ್ಹ್’ ಎಂದರೆ ಪರಕೀಯ. ಹೊರಗಿನಿಂದ ಬಂದವರು ಮೊದಲಿನಿಂದ ಇದ್ದವರನ್ನೇ ಪರಕೀಯರೆಂದು ಕರೆದರು! ಮುಂದೆ ಈ ಪದಕ್ಕೆ ‘ಗುಲಾಮ’ ಎಂಬ ಅರ್ಥವೂ ಸೇರಿಕೊಂಡಿತು. ವೇಲ್ಸ್ ಎಂಬ ಹೆಸರಿನ ಮೂಲವೂ ಇದೇ. ನಾವು ಅಕ್ರೋಟ್ ಎನ್ನುವ ವಾಲ್‌ನಟ್ ಕೂಡ ಮೂಲದಲ್ಲಿ ‘ಪರದೇಶದ ಕಾಯಿ’.

ಕಾರ್ನಿಷ್ ಜನರಾದರೋ ಇಂಗ್ಲಿಷರನ್ನು ‘ಸೌಸ್’, ಅಂದರೆ ಸ್ಯಾಕ್ಸನ್, ಎಂದು ಕರೆದರು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅವರ ಭಾಷೆ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. 1904ರಲ್ಲಿ ಹೆನ್ರಿ ಜೆನ್ನರ್ ಬರೆದ ಕೈಪಿಡಿ ಅದರ ಪುನರುಜ್ಜೀವನಕ್ಕೆ ನಾಂದಿಯಾಯಿತು. 2002ರಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆ ಮಾನ್ಯತೆ ನೀಡಿತು. ಇಂದು ಆ ನಾಡಿನ ರಸ್ತೆ ಫಲಕಗಳಲ್ಲಿ ‘ಕೆರ್ನೋ’ ಮತ್ತೆ ಕಾಣಿಸುತ್ತದೆ.

ಆದ್ದರಿಂದ ಯಾವುದೇ ಹೆಸರಿನ ಅರ್ಥ ಹುಡುಕುವಾಗ, ಆ ಹೆಸರನ್ನು ಇಟ್ಟವರು ಯಾರು ಎಂಬುದನ್ನೂ ಕೇಳಿಕೊಳ್ಳಿ.