ಹಳೆಯ ಕೈಗಡಿಯಾರವನ್ನು ಕೊಳ್ಳುವ ಮುನ್ನ

ಮದುವೆಯಲ್ಲಿ ವರನಿಗೆ ಕೈಗಡಿಯಾರವನ್ನು ಕೊಡುವ ವಾಡಿಕೆಯು ನಮ್ಮ ಮುದ್ದೇಬಿಹಾಳದ ಕಡೆಯ ಮನೆಗಳಿಗೆ ಹೊಸದಲ್ಲ. ಹಾಗೆ ಬಂದ ಎಚ್.ಎಂ.ಟಿ. ಗಡಿಯಾರಗಳು ಈಗ ಮರಳಿ ಮಾರಾಟಕ್ಕೆ ಬರುತ್ತಿವೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ಒಪ್ಪಿತು. ಹಳೆಯದಕ್ಕೆ ಬೇಡಿಕೆಯೇರಿತು, ಮೋಸವೂ ಜೊತೆಗೂಡಿತು.

‘ಜನತಾ’ ಮತ್ತು ‘ಪೈಲಟ್’ ಎಂಬಿವುಗಳ ಒಳಯಂತ್ರವು ಒಂದೇ ಜಾತಿಯದಾದುದರಿಂದ, ಜನತಾಕ್ಕೆ ಕರಿಯ ಮುಖವನ್ನು ತೊಡಿಸಿ ಪೈಲಟ್ ಎಂದು ಹೆಚ್ಚಿನ ಬೆಲೆಗೆ ಮಾರುವುದುಂಟು. ಗೃಹಸ್ಥರು ಹೊಳಪಿಗೆ ಮರುಳಾಗದೆ ಹಿಂದಿನ ಮುಚ್ಚಳವನ್ನು ತೆಗೆಯಿಸಿ ನೋಡಬೇಕು. ಒಳಗೆ ತುಕ್ಕಿದ್ದರೆ ನೀರು ಹೊಕ್ಕಿತೆಂದೇ ತಿಳಿಯತಕ್ಕದ್ದು. ಅಕ್ಷರಗಳು ತುಸು ಮಾಸಿದ ಹಳೆಯ ಮುಖವೇ, ಹೊಸ ಬಣ್ಣದ ಮುಖಕ್ಕಿಂತ, ನಮಗೆ ನಂಬಿಗೆಯದು. ಕೀಲಿ ಕೊಟ್ಟು ಒಂದು ಹಗಲಿರುಳು ಪರೀಕ್ಷಿಸಲು ಬಿಡದ ವ್ಯಾಪಾರಿಯಿಂದ ನಾವಂತೂ ಕೊಳ್ಳೆವು.